ಡಿಸೆಂಬರಿನವರೆಗಿನ ಗುರುವಪ್ಪ

ಜಗತ್ತಿನಲ್ಲಿ ಅತ್ಯಂತ ಹಸಿರಾದ ಜಾಗ ಯಾವುದೆಂದು ಕೇಳಿದರೆ ಮಳೆಗಾಲದ ಸೋಣ ತಿಂಗಳ ಗದ್ದೆಯೆಂದೋ ಕುದುರೆಮುಖದ ಇಳಿಜಾರೆಂದೋ ಹೇಳುವವರು ಹೇಳಿಕೊಳ್ಳಲಿ. ಅವರು ಮೂಡಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯ ಗೇರುಬೀಜ ಕಾರ್ಖಾನೆಯ ಮೇಂಟೆನೆನ್ಸ್ ಆಫೀಸಿನ ಗೋಡೆಯನ್ನು ನೋಡಿದವರಲ್ಲ. ಎಂಬತ್ತನಾಲ್ಕು ಯಂತ್ರಗಳು, ಐವತ್ತೆರಡು ವಾರಗಳು, ಒಟ್ಟು ನಾಲ್ಕು ಸಾವಿರದ ಮುನ್ನೂರ ಅರವತ್ತೆಂಟು ಚೌಕಗಳು. ಯಾವ ಯಂತ್ರಕ್ಕೆ ಯಾವ ವಾರ ಗ್ರೀಸು, ಯಾವುದರ ಬೆಲ್ಟು ಬಿಗಿ ಮಾಡುವುದು, ಯಾವುದನ್ನು ಬಿಚ್ಚಿ ನೋಡುವುದು ಎಂದು ಬರೆದು, ಕೆಲಸ ಮುಗಿದಲ್ಲೆಲ್ಲ ಒಂದೊಂದು ಹಸಿರು ಚುಕ್ಕೆ. ನವೆಂಬರಿನ ಈ ಗುರುವಾರದವರೆಗೆ ಒಂದೇ ಒಂದು ಚೌಕವೂ ಖಾಲಿ ಉಳಿದಿರಲಿಲ್ಲ. ಆ ಹಸಿರನ್ನು ಕಂಡು ದನವೊಂದು ಕಿಟಕಿಯಿಂದ ಬಾಯಿ ಹಾಕಿತ್ತೆಂದು ಮೇಂಟೆನೆನ್ಸ್ ಪ್ಲಾನರ್ ಭೋಜ ಶೆಟ್ಟಿ ಬಂದವರಿಗೆಲ್ಲ ಹೇಳುತ್ತಿದ್ದ. ದನದ ಬಣ್ಣವನ್ನೂ ಅದರ ಯಜಮಾನನ ಹೆಸರನ್ನೂ ಸೇರಿಸಿಯೇ ಹೇಳುತ್ತಿದ್ದ. ಆದರೆ ಇವತ್ತು ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆದವನು ಗೋಡೆಗೆ ಬೆನ್ನು ಹಾಕಿ ನಿಂತುಬಿಟ್ಟ. ಬೆನ್ನು ಹಾಕಿದರೂ ಪ್ರಯೋಜನವಿರಲಿಲ್ಲ. ಮೂರು ಸಾವಿರದ ಏಳುನೂರಕ್ಕೂ ಮಿಕ್ಕಿದ ಹಸಿರು ಕಣ್ಣುಗಳು ಶರ್ಟು ದಾಟಿ, ಬನಿಯನ್ನು ದಾಟಿ, ಬೆನ್ನುಮೂಳೆಯ ಒಂದೊಂದೇ ಮಣಿಯನ್ನು ಎಣಿಸುತ್ತಿದ್ದವು.

ಇವತ್ತು ಆಡಿಟ್. ಆದರೆ ಆಡಿಟ್ ಎಂದರೆ ಹೆದರುವ ಮನುಷ್ಯ ಅವನಲ್ಲ. ಬಂಟ್ವಾಳ ತಾಲೂಕನ್ನೇ ಎತ್ತಿ ಒಳಗಿಟ್ಟು ಬೀಗ ಹಾಕಬಹುದಾದಷ್ಟು ದೊಡ್ಡದಾದ ಗಲ್ಫಿನ ಸ್ಥಾವರವೊಂದರ ಪ್ಲಾನಿಂಗ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಇದ್ದವನು. ಅಲ್ಲಿ ಪ್ಲಾನ್ ಇಲ್ಲದೆ ನೊಣ ಕೂಡ ಹಾರುತ್ತಿರಲಿಲ್ಲ. ಅವನಿಗೆ ಹೆದರಿಕೆ ಇದ್ದದ್ದು ಒಂದೇ ವಿಷಯಕ್ಕೆ. ಗೇರುಬೀಜ ಕೊಳ್ಳುವ ಯೂರೋಪಿನವರು ಕಳಿಸಿದ ಆಡಿಟರು ಚಾರ್ಟನ್ನು ನೋಡಿ ಮೆಚ್ಚಿ, ಮೆಚ್ಚಿದವರು ಯಾವಾಗಲೂ ಮಾಡುವ ತಪ್ಪನ್ನು ಮಾಡಿ, ಈ ಕೆಲಸವನ್ನೆಲ್ಲ ಮಾಡಿದವರು ಯಾರು ಎಂದು ಕೇಳಿಬಿಟ್ಟರೆ? ಮಾಡಿದವನು ಫಿಟ್ಟರ್ ಗುರುವಪ್ಪ. ಒಂದು ಚೌಕಕ್ಕೆ ಒಂದು ಕಾರ್ಡು. ಪ್ರತಿ ಕಾರ್ಡಿನಲ್ಲಿ ಮೊದಲೇ ಅಚ್ಚಾದ ತಾರೀಕು, ಕೆಳಗೆ 'ಕೆಲಸ ಮಾಡಿದ್ದೇನೆ, ಸರಿ ಇದೆ' ಎಂಬ ಸಾಲು, ಸಾಲಿನ ಮುಂದೆ ಗುರುವಪ್ಪನ ಸಹಿ. ಆದರೆ ಗುರುವಪ್ಪ ಜೂನ್ ಹನ್ನೆರಡರ ನಂತರ ಈ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಸಹಿ ಮಾತ್ರ ಒಂದು ದಿನವೂ ತಪ್ಪಿಸಿಕೊಳ್ಳದೆ ಕೆಲಸಕ್ಕೆ ಬರುತ್ತಿತ್ತು.

ಇದರಲ್ಲಿ ಮೋಸವಿದೆ ಎಂದು ಭೋಜ ಶೆಟ್ಟಿಗೆ ಜನವರಿಯಲ್ಲಿ ಅನ್ನಿಸಿರಲೇ ಇಲ್ಲ. ಹಿಂದಿನ ವರ್ಷವಿಡೀ ಸಹಿಗಾಗಿ ಗುರುವಪ್ಪನ ಹಿಂದೆ ಓಡಿ ಅವನ ಚಪ್ಪಲಿಗಳು ಸವೆದು ಕಾಗದದಷ್ಟು ತೆಳ್ಳಗಾಗಿದ್ದವು. ಗುರುವಪ್ಪ ಯಾವಾಗಲೂ ಯಾವುದೋ ಯಂತ್ರದ ಅಡಿಯಲ್ಲಿ ಮಲಗಿರುತ್ತಿದ್ದ. ಕರೆದರೆ ಎರಡು ಪಾದಗಳು ಉತ್ತರ ಕೊಡುತ್ತಿದ್ದವು. 'ಕೈಯೆಲ್ಲ ಗ್ರೀಸುಂಟು ಶೆಟ್ರೆ, ಸಹಿ ಬೇಕಾದ್ರೆ ಒಮ್ಮೆಗೇ ತೆಗೊಳ್ಳಿ ಮಾರಾಯ್ರೆ' ಎಂದು ಪಾದಗಳು ಹೇಳಿದ ದಿನ ಭೋಜ ಶೆಟ್ಟಿಯ ತಲೆಯಲ್ಲಿ ಮಿಂಚು ಹೊಡೆಯಿತು. ವರ್ಷದ ಕೆಲಸವನ್ನೆಲ್ಲ ಜನವರಿಯಲ್ಲೇ ಪ್ಲಾನ್ ಮಾಡಬಹುದಾದರೆ ವರ್ಷದ ಸಹಿಯನ್ನು ಯಾಕೆ ಮಾಡಬಾರದು? ಗಲ್ಫಿನ ಇಂಜಿನಿಯರುಗಳ ತಲೆಗೆ ಹೋಗದ ಸಂಗತಿ ಇದು. ಗುರುವಪ್ಪನಿಗೆ ಸೋಪು ಕೊಟ್ಟು ಕೈ ತೊಳೆಸಿ, ಕುರ್ಚಿಯಲ್ಲಿ ಕೂರಿಸಿ, ಡಿಸೆಂಬರ್ ಮೂವತ್ತೊಂದರವರೆಗಿನ ಕಾರ್ಡುಗಳಿಗೆಲ್ಲ ಸಹಿ ಹಾಕಿಸಿದ. ಇನ್ನು ಉಳಿದದ್ದು ಕೆಲಸವೊಂದೇ, ಅದು ಹೇಗೂ ಆಗುತ್ತದೆ ಎಂದು ಆ ರಾತ್ರಿ ಹೆಂಡತಿ ಕಾಂತಿಯ ಹತ್ತಿರ ಹೇಳಿದ್ದ. ಮನೆಯಲ್ಲೂ ಅಡಿಗೆಕೋಣೆಯ ಬಾಗಿಲಿಗೆ ಒಂದು ಚಾರ್ಟು ಅಂಟಿಸಿದ್ದ: ಗ್ಯಾಸಿನ ಪೈಪು, ಮಿಕ್ಸಿಯ ಬ್ಲೇಡು, ಕಾಂತಿಯ ಮೊಣಕಾಲಿಗೆ ಎಣ್ಣೆ. ಕಾಂತಿ ಮೊದಲ ದಿನವೇ ಹನ್ನೆರಡು ತಿಂಗಳಿಗೂ ಗೀಟು ಹಾಕಿ, 'ಎಲ್ಲ ಆಯ್ತು, ಇನ್ನು ಊಟಕ್ಕೆ ಕೂತ್ಕೊಳ್ಳಿ' ಎಂದಿದ್ದಳು. ಅದು ಗೇಲಿಯೋ ಮೆಚ್ಚುಗೆಯೋ ಎಂದು ಅವನಿಗೆ ಇವತ್ತಿನವರೆಗೂ ಸರಿಯಾಗಿ ತಿಳಿದಿಲ್ಲ.

ಮತ್ತೆ ಜೂನಿನ ಆ ಹನ್ನೆರಡನೇ ತಾರೀಕು. ಅದನ್ನು ನೆನೆಯಬಾರದೆಂದು ಆಡಿಟರಿಗೆಂದು ಕರಿಸಿ ತಂದು ಮೇಜಿನ ಮೇಲಿಟ್ಟ ಗೋಳಿಬಜೆಯ ತಟ್ಟೆಗೆ ಪೇಪರು ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ. ಪೇಪರಿನಲ್ಲಿ ಎಣ್ಣೆಯ ಕಲೆ ಹರಡುತ್ತಾ ಹರಡುತ್ತಾ ಗುರುವಪ್ಪನ ಮುಖದ ಆಕಾರಕ್ಕೆ ಬಂತು. ಬೀಜ ಒಣಗಿಸುವ ಬಿಸಿ ಕೋಣೆಗೆ ಬೋರ್ಮಾ ಎನ್ನುತ್ತಾರೆ. ಅದರ ಫ್ಯಾನನ್ನು ಗುರುವಪ್ಪ ಅವತ್ತು ಯಾರಿಗೂ ಹೇಳದೆ ನಿಲ್ಲಿಸಿದ್ದ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿ ನಿಲ್ಲುವುದು ಅವನ ಪದ್ಧತಿ. ಅವನು ಹಾಗೆ ನಿಂತರೆ ಇರುವೆ ನಡೆದದ್ದೂ ಕೇಳಿಸುತ್ತಿತ್ತು ಎಂದು ಬಾಯ್ಲರಿನ ಮಹಮ್ಮದ್ ಕುಂಞಿ ಹೇಳುತ್ತಿದ್ದ. ಚಾರ್ಟಿನಲ್ಲಿ ಆ ಬೇರಿಂಗ್ ನೋಡಬೇಕಾದದ್ದು ಆಗಸ್ಟಿನಲ್ಲಿ. ಚಾರ್ಟಿನಲ್ಲಿ ಇಲ್ಲದ ರಿಪೇರಿ ಮಾಡಿದವನು ಒಂದು ಇಂಗ್ಲಿಷ್ ಫಾರಂ ತುಂಬಬೇಕು, ಯಾಕೆ ನಿಲ್ಲಿಸಿದೆ ಎಂದು ಬರೆಯಬೇಕು. ಭೋಜ ಶೆಟ್ಟಿ ಆ ಫಾರಮನ್ನು ಅವನಿಗೆ ಕೊಟ್ಟದ್ದು ಆಫೀಸಿನಲ್ಲಲ್ಲ, ಪೀಲಿಂಗ್ ಹಾಲಿನಲ್ಲಿ, ಬೀಜದ ಸಿಪ್ಪೆ ಸುಲಿಯುತ್ತಾ ಕೂತಿದ್ದ ನಲವತ್ತು ಹೆಂಗಸರ ಎದುರು. ಗುರುವಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದ್ರಲ್ಲಿ ಎಂತ ಬರೀಲಿ?' ಎಂದು ಮೆಲ್ಲಗೆ ಕೇಳಿದ. 'ಕಾರಣ ಬರಿ.' 'ಕಾರಣ ಎಂತ, ಫ್ಯಾನು ಕೆಮ್ಮಿತು.' 'ಕೆಮ್ಮು ಕಾರಣ ಅಲ್ಲ ಗುರುವಪ್ಪ, ಅದು ಕಾಯಿಲೆ. ಇದು ಫ್ಯಾಕ್ಟರಿ, ಆಸ್ಪತ್ರೆ ಅಲ್ಲ.' ಹೆಂಗಸರು ನಕ್ಕರು. ನಲವತ್ತು ಜನರ ಆ ನಗು ಮೂಡಬಿದಿರೆಯ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು. ಅವತ್ತು ಭೋಜ ಶೆಟ್ಟಿಗೆ ಅದು ಹೂಮಾಲೆಯ ಹಾಗೆ ಕಂಡಿತ್ತು. ಗುರುವಪ್ಪ ಫಾರಮನ್ನು ನಾಲ್ಕು ಮಡಿಕೆ ಮಡಚಿ ಕಿಸೆಗೆ ಹಾಕಿ ಮನೆಗೆ ಹೋದ. ಮರುದಿನ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಭೋಜ ಶೆಟ್ಟಿ 'ರಜೆ' ಎಂದು ಬರೆದ. ನಾಳೆ ಬರುತ್ತಾನೆ. ನಾಳೆಯೂ 'ರಜೆ'. ಹಾಗೆ ಐದು ತಿಂಗಳು ಬರೆಯುತ್ತಾ ಹೋದ. ಶನಿವಾರ ಮಾತ್ರ ಮಂಗಳೂರಿನಿಂದ ಬರುವ ಸಣ್ಣ ಧಣಿ ಉಜ್ವಲ್ ನೋಡದೆಯೇ ಅದರ ಕೆಳಗೆ ಗೀಚುತ್ತಿದ್ದ. ಇತ್ತೀಚೆಗೆ, ಬಾತ್‌ರೂಮಿನಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗ, ಆ ನಗು ಬೇರೆಯೇ ರೀತಿ ಕೇಳಿಸತೊಡಗಿತ್ತು. ಹೆಂಗಸರು ನಕ್ಕದ್ದು ಯಾರನ್ನು?

ಆಡಿಟರು ಎಂದರೆ ಕೋಟು ಹಾಕಿದ ಬಿಳಿಯ ಗಂಡಸು ಎಂದು ಅವನು ಅಂದುಕೊಂಡಿದ್ದ. ಇಂಗ್ಲಿಷಿನ ಹಿಂದೆ ಅಡಗಿಕೊಳ್ಳಬಹುದೆಂಬ ಧೈರ್ಯವೂ ಇತ್ತು. ಉಜ್ವಲನ ಜೊತೆ ಕಾರಿನಿಂದ ಇಳಿದವಳು ಬಂಟ್ವಾಳದ ಪಕ್ಕದ ಬಿ.ಸಿ. ರೋಡಿನ ಹುಡುಗಿ, ವಿಜೇತಾ. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಗೋಳಿಬಜೆ ಬಾಯಿಗೆ ಹಾಕಿ, 'ಮೊಸರು ಸ್ವಲ್ಪ ಹೆಚ್ಚಾಗಿದೆ' ಎಂದಳು. ಗೋಳಿಬಜೆಯಲ್ಲೇ ತಪ್ಪು ಹಿಡಿಯುವವಳು!

'ತುಂಬ ಹಸಿರುಂಟಲ್ಲ ಸರ್,' ಎಂದಳು ಚಾರ್ಟಿನ ಮುಂದೆ ನಿಂತು.

'ಹೌದು ಮೇಡಂ. ಒಂದು ಸಲ ಒಂದು ದನ...'

'ದನದ ಕತೆ ಆಮೇಲೆ ಭೋಜಣ್ಣ,' ಎಂದ ಉಜ್ವಲ್.

ಅವಳು ಕಾರ್ಡುಗಳ ಕಟ್ಟನ್ನು ಇಸ್ಪೀಟಿನ ಎಲೆಗಳ ಹಾಗೆ ಹೆಬ್ಬೆರಳಿನಿಂದ ಹಾರಿಸುತ್ತಾ ನೋಡಿದಳು. 'ಈ ಗುರುವಪ್ಪ ಅವರು ಆಗಸ್ಟ್ ಹದಿನೈದಕ್ಕೂ ಗ್ರೀಸ್ ಹಾಕಿದ್ದಾರಲ್ಲ?'

'ದೇಶಭಕ್ತ ಮೇಡಂ.'

'ಚೌತಿಯ ದಿನವೂ?'

'ಗಣಪತಿ ಅಂದ್ರೆ ವಿಘ್ನ ನಿವಾರಕ ಅಲ್ವಾ? ನೋಡಿದ್ರೆ ಮೇಂಟೆನೆನ್ಸಿನ ದೇವರೇ ಅವ.'

ವಿಜೇತಾ ನಗಲಿಲ್ಲ. ಕಾರ್ಡುಗಳನ್ನು ಅಂಚು ಸರಿಮಾಡಿ ಮೇಜಿನ ಮೇಲಿಟ್ಟಳು. ಆ ಸರಿಮಾಡುವಿಕೆಯಲ್ಲಿ ಅವನಿಗೆ ಕತ್ತಿ ಮಸೆಯುವ ಸದ್ದು ಕೇಳಿಸಿತು. 'ಇಂಥ ಫಿಟ್ಟರನ್ನು ನಾನು ಎಲ್ಲಿಯೂ ನೋಡ್ಲಿಲ್ಲ. ಮೂರು ಗಂಟೆಗೆ ಇವರ ಹತ್ರ ಮಾತಾಡುವ. ಆಮೇಲೆ ಹಾಜರಿ ಪುಸ್ತಕ ನೋಡ್ತೇನೆ.'

'ಕರೆಸಿ ಭೋಜಣ್ಣ. ಗುರುವಪ್ಪಣ್ಣನನ್ನು ನಾನೂ ನೋಡದೆ ತುಂಬ ಸಮಯ ಆಯ್ತು,' ಎಂದ ಉಜ್ವಲ್.

'ಅವ ಬಂಟ್ವಾಳಕ್ಕೆ ಹೋಗಿದ್ದಾನೆ. ಬೇರಿಂಗ್ ತರ್ಲಿಕ್ಕೆ,' ಎಂದಿತು ಭೋಜ ಶೆಟ್ಟಿಯ ಬಾಯಿ. ಅದು ಅವನನ್ನು ಕೇಳಿ ಮಾತಾಡುವ ಬಾಯಿಯಲ್ಲ. 'ಮೂರು ಗಂಟೆಗೆ ಇಲ್ಲಿರ್ತಾನೆ. ನಿಮಿಷ ತಪ್ಪುವ ಮನುಷ್ಯ ಅಲ್ಲ.'

ಅವರಿಬ್ಬರು ಬೀಜ ಒಡೆಯುವ ವಿಭಾಗದ ಕಡೆ ಹೋದದ್ದೇ ತಡ, ಕಪಾಟು ತೆರೆದು ಮುಂದಿನ ಆರು ವಾರಗಳ ಕಟ್ಟನ್ನು ಎಳೆದ. ಐನೂರ ನಾಲ್ಕು ಕಾರ್ಡು, ಎಲ್ಲವೂ ಸಹಿಯಾದದ್ದು. ಹಳೆಯದನ್ನು ಹೇಗಾದರೂ ಸಮಜಾಯಿಸಬಹುದು. ಬರುವ ಡಿಸೆಂಬರಿನಲ್ಲಿ ಎಲಿವೇಟರಿನ ಬೆಲ್ಟು ಸರಿ ಇದೆ ಎಂದು ನವೆಂಬರಿನಲ್ಲೇ ಬರೆದದ್ದನ್ನು ಜ್ಯೋತಿಷಿ ಕೂಡ ಸಮಜಾಯಿಸಲಾರ. ಕಟ್ಟನ್ನು ಶರ್ಟಿನೊಳಗೆ ತುರುಕಿ, ಎಂಟು ತಿಂಗಳ ಬಸುರಿಯ ಹಾಗೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಬಾಯ್ಲರ್ ಮನೆಯ ಎದುರಿನಿಂದ ಸ್ಕೂಟರಿನತ್ತ ಓಡಿದ.

'ಎಂತ ಶೆಟ್ರೆ, ಹೊಟ್ಟೆನೋವಾ?' ಮಹಮ್ಮದ್ ಕುಂಞಿ ಸೌದೆಯ ಮೇಲಿನಿಂದ ಕೂಗಿದ.

'ಗೋಳಿಬಜೆ. ವೇಣೂರಿಗೆ ಹೋಗಿ ಬರ್ತೇನೆ.'

'ಗೋಳಿಬಜೆಗೆ ವೇಣೂರಿನಲ್ಲಿ ಸ್ಪೆಷಲ್ ಡಾಕ್ಟರ್ ಇದ್ದಾರಾ?' ಆಮೇಲೆ ಸ್ವರ ತಗ್ಗಿಸಿ, 'ಬೋರ್ಮಾದ ಫ್ಯಾನು ಬೆಳಿಗ್ಗೆಯಿಂದ ಎಂತದೋ ಹೇಳ್ತಾ ಉಂಟು ಶೆಟ್ರೆ,' ಎಂದ.

'ಚಾರ್ಟಿನಲ್ಲಿ ಅದು ಸರಿ ಉಂಟು.'

'ಚಾರ್ಟಿನಲ್ಲಿ ಸರಿಯೇ,' ಎಂದ ಕುಂಞಿ. ಅದರಲ್ಲಿ ಎಂಥ ಗೌರವವಿತ್ತೆಂದರೆ ಭೋಜ ಶೆಟ್ಟಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಕಟ್ಟು ಹಾಕಿ ಮೇಲೆ ಕೂತ. ಮನುಷ್ಯರು ಭೂತಕಾಲದ ಮೇಲೆ ಕೂತು ಹೋಗುವುದುಂಟು. ಕಾರ್ಖಾನೆಯೊಂದರ ಭವಿಷ್ಯವನ್ನೇ ಕುಂಡೆಯಡಿಯಲ್ಲಿಟ್ಟು ವೇಣೂರಿಗೆ ಹೋದವನು ಅವನೊಬ್ಬನೇ. ಬಿಸಿಲು ನೇರ ತಲೆಗೆ ಬೀಳುತ್ತಿತ್ತು. ಎದುರಿನಿಂದ ಬಂದ ಬಸ್ಸಿನ ಕಂಡಕ್ಟರ್ ಕೈ ಎತ್ತಿದ; ಪರಿಚಯಕ್ಕೋ, ಬದಿಗೆ ಹೋಗು ಎಂದೋ ತಿಳಿಯಲಿಲ್ಲ. ಗುರುವಪ್ಪನಿಗೆ ಏನು ಹೇಳುವುದು? ತಪ್ಪಾಯಿತು ಎಂಬ ಪದ ಅವನ ನಾಲಗೆಗೆ ರೂಢಿ ಇರಲಿಲ್ಲ. ಗಲ್ಫಿನಲ್ಲಿ ಎಷ್ಟು ಸಲ ಹೇಳಿದ್ದೆನಲ್ಲ ಎಂದು ಎಲ್ಲಿಂದಲೋ ನೆನಪು ಎದ್ದಿತು, ಅದನ್ನು ಒತ್ತಿದ, ಒತ್ತಿದಷ್ಟೂ ಮೇಲೆ ಬಂತು. ಒಂದು ದೊಡ್ಡ ಮೀಟಿಂಗು. ಆ ಸ್ಥಾವರವನ್ನು ನಲವತ್ತು ದಿನ ನಿಲ್ಲಿಸಿ ರಿಪೇರಿ ಮಾಡುವ ವಿಚಾರ. ಇಡೀ ಯೋಜನೆ ತನ್ನ ಕೈಯಲ್ಲೇ ಇತ್ತು ಎಂದು ಅವನು ಸಿದ್ದಕಟ್ಟೆಯಿಂದ ಮೂಡಬಿದಿರೆಯವರೆಗೆ ಹೇಳದ ಮನುಷ್ಯರಿಲ್ಲ. ಅದು ಸತ್ಯವೇ ಆಗಿತ್ತು. ಗೋಡೆಯಲ್ಲಿ ಮೊಳೆ ಇಲ್ಲದ್ದರಿಂದ ಒಂದು ಮಾರು ಉದ್ದದ ಚಾರ್ಟನ್ನು ಹಿಡಿದು ನಿಲ್ಲಲು ಪ್ಲಾನಿಂಗ್ ವಿಭಾಗದಲ್ಲಿ ಜೆರಾಕ್ಸ್ ಮಾಡುತ್ತಿದ್ದ ಭೋಜ ಶೆಟ್ಟಿಯನ್ನು ಕರೆದರು. ಎರಡೂ ಕೈ ಚಾಚಿ ನಲವತ್ತು ನಿಮಿಷ ನಿಂತ. ಚಾರ್ಟಿನ ಹಿಂದೆ ಅವನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಎಡ ಮೂಗಿನಲ್ಲಿ ತುರಿಕೆ. ಮಾತಾಡುತ್ತಿದ್ದ ಇಂಜಿನಿಯರು ಕೋಲಿನಿಂದ ಕಾಗದವನ್ನು ಚುಚ್ಚಿದಾಗಲೆಲ್ಲ ಅದು ಅವನ ಎದೆಗೆ ತಾಗುತ್ತಿತ್ತು. ಒಮ್ಮೆ ಕೈ ನಡುಗಿ ಕಾಗದ ಜಾರಿದಾಗ, 'ಸಾರಿ ಸರ್' ಎಂದ. ಯಾರೋ ನಕ್ಕರು. ಕಡಿಮೆ ಜನ. ನಲವತ್ತೇನೂ ಇರಲಿಲ್ಲ.

ಗುರುವಪ್ಪನ ಮನೆ ವೇಣೂರು ಪೇಟೆ ದಾಟಿ ಒಳಗೆ. ಅಂಗಳದ ತಂತಿಯಲ್ಲಿ ರಬ್ಬರು ಶೀಟುಗಳು ಒಗೆದ ಬನಿಯನ್ನುಗಳ ಹಾಗೆ ಒಣಗುತ್ತಿದ್ದವು. ಗುರುವಪ್ಪನ ಹೆಂಡತಿ ವಾರಿಜಾಕ್ಷಿ ಸ್ಕೂಟರನ್ನು ಕಂಡವಳೇ ಸೊಂಟಕ್ಕೆ ಕೈಯಿಟ್ಟು ಒಳಗೆ ಕೂಗಿದಳು. 'ಕೇಳಿತಾ? ನಿಮ್ಮ ಇಂಗ್ಲಿಷ್ ಫಾರಂ ಬಂತು, ಸ್ಕೂಟರಿನಲ್ಲಿ!'

ಗುರುವಪ್ಪ ಮನೆಯ ಹಿಂದೆ ರಬ್ಬರು ಒತ್ತುವ ರೋಲರಿನ ಹಲ್ಲುಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತಲಿಲ್ಲ.

'ಗುರುವಪ್ಪಣ್ಣ,' ಎಂದ ಭೋಜ ಶೆಟ್ಟಿ.

'ಓಹೋ. ಜೂನಿನಲ್ಲಿ ಬರೇ ಗುರುವಪ್ಪ ಇದ್ದೆ. ಮಳೆಗೆ ಬಾಲ ಬೆಳೀತಾ?'

'ಯೂರೋಪಿನವರು ನಿಮ್ಮನ್ನು ನೋಡ್ಬೇಕಂತೆ. ನಿಮ್ಮಂಥ ಫಿಟ್ಟರ್ ಭೂಮಿ ಮೇಲೆ ಇಲ್ಲ ಅಂತ ಹೇಳಿದ್ದಾರೆ.'

'ಭೂಮಿ ಮೇಲೆ ಇದ್ದೇನೆ. ನಿಮ್ಮ ಫ್ಯಾಕ್ಟರಿಯಲ್ಲಿ ಇಲ್ಲ.' ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಆಲಿಸಿದ. 'ನನ್ನ ಸಹಿ ಉಂಟಲ್ಲ ನಿಮ್ಮ ಹತ್ರ. ಅದನ್ನೇ ತೋರಿಸಿ.'

ಭೋಜ ಶೆಟ್ಟಿ ಅಂಗಳದಿಂದ ಹೇಳಿಕೊಂಡು ಬಂದಿದ್ದ 'ತಪ್ಪಾಯಿತು' ಎಂಬ ಪದ ನಾಲಗೆಯವರೆಗೆ ಬಂತು. ಅಲ್ಲಿ ಕೆಸರಿನಲ್ಲಿ ಸಿಕ್ಕಿದ ಲಾರಿಯ ಹಾಗೆ ಚಕ್ರ ತಿರುಗಿಸುತ್ತಾ ನಿಂತುಬಿಟ್ಟಿತು. ಆಗ ಕಲ್ಲಿನ ಮೇಲಿದ್ದ ಗುರುವಪ್ಪನ ಮೊಬೈಲು ಹೊಡೆದುಕೊಂಡಿತು. ಎಣ್ಣೆ ಕೈಯ ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದ.

'ಗುರುವಪ್ಪಣ್ಣ, ಹಿಡಿದಿದ್ದೇನೆ, ಕೇಳಿ,' ಎಂದಿತು ಮಹಮ್ಮದ್ ಕುಂಞಿಯ ಸ್ವರ. ಆಮೇಲೆ ಮಾತಿಲ್ಲ. ಗರ್ರ್ ಎಂಬ ಒಂದು ಸದ್ದು, ಅದರೊಳಗೆ ಇನ್ನೊಂದು, ಒಣಗಿದ ಗಂಟಲಿನ ಕುಟುಕುಟು. ಭೋಜ ಶೆಟ್ಟಿಗೆ ಗುರುತು ಹತ್ತಲು ಒಂದು ನಿಮಿಷ ಬೇಕಾಯಿತು. ಐದು ತಿಂಗಳು ದಿನಕ್ಕೆ ಎಂಟು ಗಂಟೆ ಅದರ ಪಕ್ಕದಲ್ಲೇ ಕೂತಿದ್ದ, ಒಮ್ಮೆಯೂ ಕೇಳಿರಲಿಲ್ಲ. ಅದು ತನ್ನ ಬೋರ್ಮಾದ ಫ್ಯಾನು. ಕುಂಞಿ ಅಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕಿಟ್ಟು ಹಿಡಿಯನ್ನು ಫೋನಿಗೆ ಒತ್ತಿ ನಿಂತಿದ್ದಾನೆ, ಇಲ್ಲಿ ಗುರುವಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದಾನೆ.

'ಇದು ಯಾವಾಗಿನಿಂದ?' ಎಂದು ಭೋಜ ಶೆಟ್ಟಿ ಪಿಸುಗುಟ್ಟಿದ.

'ಜೂನ್ ಹದಿಮೂರರಿಂದ. ದಿನಾ ಒಂದೊಂದು ಯಂತ್ರ ಕೇಳಿಸ್ತಾನೆ. ಎಂತ ಮಾಡ್ಬೇಕು ಅಂತ ಹೇಳ್ತೇನೆ, ಬಾಯ್ಲರ್ ನೋಡ್ಕೊಂಡೇ ಅವ ಮಾಡ್ತಾನೆ.'

'ನನ್ನ ಮೇಲೆ ಸಿಟ್ಟು ಮಾಡಿ ಹೋದವರು...'

'ಜಗಳ ಆದದ್ದು ನಿಮಗೂ ನನಗೂ ಶೆಟ್ರೆ. ಫ್ಯಾನಿಗೂ ನನಗೂ ಎಂತ ಉಂಟು?' ಫೋನಿಗೆ ಬಾಗಿದ. 'ಕುಂಞಿ, ಎಡದ ಬೇರಿಂಗು. ಸಂಜೆಯವರೆಗೆ ಬರುವುದಿಲ್ಲ ಅದು. ಈಗಲೇ ನಿಲ್ಲಿಸು.'

'ಹೇಗೆ ನಿಲ್ಲಿಸುದು ಮಾರಾಯ್ರೆ? ಒಳಗೆ ಬೀಜ ಉಂಟು, ಹೊರಗೆ ಆಡಿಟಿನ ಹುಡುಗಿ ಉಂಟು. ಚಾರ್ಟಿನಲ್ಲಿ ಇಲ್ಲ. ಆ ಶೆಟ್ರು ಹೊಟ್ಟೆ ಹಿಡ್ಕೊಂಡು ವೇಣೂರಿಗೆ ಓಡಿದ್ದಾರೆ, ಬಹುಶಃ ಹೆರಿಗೆಗೆ.'

'ಶೆಟ್ರು ಇಲ್ಲಿಯೇ ಇದ್ದಾರೆ.'

ಫೋನಿನಲ್ಲಿ ಫ್ಯಾನು ಮಾತ್ರ ಕೆಮ್ಮುತ್ತಿತ್ತು. 'ಅಲ್ಲಾ,' ಎಂದ ಕುಂಞಿ.

ಗುರುವಪ್ಪ ಫೋನನ್ನು ಭೋಜ ಶೆಟ್ಟಿಯ ಬಾಯಿಯ ಹತ್ತಿರ ಹಿಡಿದ. ನಿಲ್ಲಿಸು ಎಂದರೆ ಈ ವರ್ಷದ ಮೊದಲ ಖಾಲಿ ಚೌಕ, ಅದೂ ಆಡಿಟರಿನ ಕಣ್ಣೆದುರು. ಗ್ರೀಸು ಹಾಕಿ ಸರಿ ಇದೆ ಎಂದು ಈ ಸೋಮವಾರವಷ್ಟೇ ಸಹಿ ಬಿದ್ದ ಫ್ಯಾನು ಯಾಕೆ ನಿಂತಿತೆಂದು ಅವಳು ಕೇಳುತ್ತಾಳೆ, ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಬರುತ್ತದೆ, ಸಂಜೆಯ ಹೊತ್ತಿಗೆ ಅವನು ಮತ್ತೆ ಜೆರಾಕ್ಸಿನವನಾಗಿರುತ್ತಾನೆ. ಸುಮ್ಮನಿದ್ದರೆ? ನಾಲ್ಕು ಗಂಟೆಯವರೆಗೆ ಹೇಗೋ ತಿರುಗಿದರೆ ಅವಳು ಹೋಗಿಬಿಡುತ್ತಾಳೆ. ಹೇಗೋ ತಿರುಗಬಹುದು. ಆದರೆ ಆ ಕುಟುಕುಟು ಈಗ ಅವನ ಕಿವಿಯಲ್ಲಿ ಇರಲಿಲ್ಲ. ಹಲ್ಲಿನಲ್ಲಿತ್ತು, ಹೊಟ್ಟೆಯಲ್ಲಿತ್ತು, ಭೋಜ ಶೆಟ್ಟಿ ಎಂಬ ಯಂತ್ರ ಪೂರ್ತಿ ಕೆಮ್ಮುತ್ತಿತ್ತು.

'ನಿಲ್ಲಿಸು ಕುಂಞಿ,' ಎಂದ.

'ಫಾರಂ?'

'ನಾನು ಬರೀತೇನೆ.'

'ಕಾರಣ ಎಂತ ಬರೀತೀರಿ?' ಈ ಪ್ರಶ್ನೆ ಗುರುವಪ್ಪನದು.

ಹಿತ್ತಿಲಿನ ಬಾಗಿಲಲ್ಲಿ ವಾರಿಜಾಕ್ಷಿ ಬಂದು ನಿಂತಿದ್ದಳು. ಭೋಜ ಶೆಟ್ಟಿ ನೆಲ ನೋಡಿದ, ರೋಲರ್ ನೋಡಿದ, ಗುರುವಪ್ಪನ ಎಣ್ಣೆ ಕೈ ನೋಡಿದ.

'ಕೆಮ್ಮು,' ಎಂದ.

ಗುರುವಪ್ಪ ಕೈ ಒರೆಸಿಕೊಂಡು ಒಳಗೆ ಹೋಗಿ ಸಾಮಾನಿನ ಚೀಲ ತಂದ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಚೀಲ ಇಡಲು ಅವನೇ ಸ್ಕೂಟರಿನ ಡಿಕ್ಕಿ ತೆರೆದ. ಕಟ್ಟನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ಕೊನೆಯ ಕಾರ್ಡಿನ ತಾರೀಕನ್ನು ಬಿಡಿಸಿ ಬಿಡಿಸಿ ಓದಿದ. 'ಡಿಸೆಂಬರ್ ಮೂವತ್ತೊಂದು. ಕೆಲಸ ಮಾಡಿದ್ದೇನೆ, ಸರಿ ಇದೆ. ಇಲ್ಲಿ ಬಾ ಮಾರಾಯ್ತಿ, ಅಲ್ಲಿಯವರೆಗೆ ನನಗೆ ಆಯುಷ್ಯ ಉಂಟೂಂತ ಶೆಟ್ರು ಬರೆದು ಇಟ್ಟಿದ್ದಾರೆ.'

'ಮುಂದಿನ ಜನವರಿಯದ್ದೂ ಉಂಟಾ ನೋಡಿ, ಇಲ್ಲದಿದ್ರೆ ನಾನು ಬೇರೆ ಏರ್ಪಾಡು ಮಾಡ್ಬೇಕಲ್ಲ,' ಎಂದಳು ವಾರಿಜಾಕ್ಷಿ.

ಚೀಲವನ್ನು ಡಿಕ್ಕಿಗೆ ಹಾಕಿ, ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಗುರುವಪ್ಪ ಹಿಂದೆ ಕೂತ. ದಾರಿಯುದ್ದಕ್ಕೂ ಕಾರ್ಡುಗಳ ಮೂಲೆ ಭೋಜ ಶೆಟ್ಟಿಯ ಬೆನ್ನಿಗೆ ಚುಚ್ಚುತ್ತಿತ್ತು. ಎರಡು ಸಲ ಕೇಳಿದ: 'ಗುರುವಪ್ಪಣ್ಣ, ಆ ಕಟ್ಟು ಎಂತ ಮಾಡ್ತೀರಿ?' ಎರಡು ಸಲವೂ ಒಂದೇ ಉತ್ತರ: 'ರೋಡು ನೋಡಿ ಶೆಟ್ರೆ.' ತಪ್ಪಾಯಿತು ಎಂಬ ಪದ ಅಲ್ಲಿಯೇ ಎಲ್ಲೋ ಹೊರಗೆ ಬಂತು. ಗಾಳಿಯಲ್ಲಿ, ಹೆಲ್ಮೆಟ್ಟಿನೊಳಗೆ. ಅದು ಗುರುವಪ್ಪನಿಗೆ ಕೇಳಿತೋ ಇಲ್ಲವೋ. ಇರುವೆ ನಡೆದದ್ದನ್ನು ಕೇಳುವವನಿಗೆ ಕೇಳಿರಲೇಬೇಕು, ಆದರೆ ಕೇಳಿಸಿತೆಂದು ಹೇಳುವ ಜಾತಿಯವನಲ್ಲ.

ಕಾರ್ಖಾನೆಯಲ್ಲಿ ಫ್ಯಾನು ನಿಂತ ಮೌನ ಗೇಟಿನವರೆಗೂ ಹರಡಿತ್ತು. ಪೀಲಿಂಗಿನ ಹೆಂಗಸರು ಬೋರ್ಮಾದಿಂದ ಬಿಸಿ ತಟ್ಟೆಗಳನ್ನು ಬಟ್ಟೆಯಲ್ಲಿ ಹಿಡಿದು ಪಕ್ಕದ ಎರಡನೇ ಬೋರ್ಮಾಕ್ಕೆ ಸಾಗಿಸುತ್ತಿದ್ದರು. ವಿಜೇತಾ ತನ್ನ ನೋಟು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಉಜ್ವಲನ ಮುಖ ಸುಟ್ಟ ಬೀಜದ ಬಣ್ಣಕ್ಕೆ ಬಂದಿತ್ತು. 'ಎಂತ ಭೋಜಣ್ಣ ಇದು, ಇವತ್ತೇ?' ಗುರುವಪ್ಪ ಯಾರಿಗೂ ನಮಸ್ಕಾರ ಹೇಳದೆ ಯಂತ್ರದ ಹತ್ತಿರ ಹೋಗಿ ಕೂತ. ಅರ್ಧ ಗಂಟೆಯಲ್ಲಿ ಎಡದ ಬೇರಿಂಗು ಹೊರಗೆ ಬಂತು. ಕಪ್ಪಾಗಿ, ಒಳಗಿನ ಗುಂಡುಗಳಲ್ಲಿ ಎರಡು ಬಿರುಕು ಬಿಟ್ಟು, ಹುಳುಕು ಹಲ್ಲಿನಂತಿತ್ತು. ವಿಜೇತಾ ಅದನ್ನು ಕೈಯಲ್ಲೇ ಹಿಡಿದು ನೋಡಿದಳು.

'ಇನ್ನು ಎಷ್ಟು ಹೊತ್ತು ತಿರುಗ್ತಿತ್ತು?'

'ಒಂದು ಗಂಟೆ. ಆಮೇಲೆ ಒಳಗೆ ಬೆಂಕಿ.'

'ನಿಮಗೆ ಹೇಗೆ ಗೊತ್ತಾಯ್ತು?'

'ಕುಂಞಿ ಕೇಳಿಸಿದ.' ಗುರುವಪ್ಪ ಎದ್ದು, ಬದಿಗಿಟ್ಟಿದ್ದ ಕಟ್ಟನ್ನು ತಂದು ಅವಳ ಕೈಯಲ್ಲಿಟ್ಟ. 'ಇದು ನಾಳೆಯದ್ದು, ನಾಡಿದ್ದಿನದ್ದು, ಡಿಸೆಂಬರ್‌ವರೆಗಿನದ್ದು. ಸಹಿ ನನ್ನದೇ ಮೇಡಂ. ಕೆಲಸ ಇನ್ನೂ ಮಾಡ್ಲಿಲ್ಲ.'

ತಟ್ಟೆ ಹಿಡಿದ ಹೆಂಗಸರು ಇದ್ದಲ್ಲೇ ನಿಂತರು. ವಿಜೇತಾ ಒಂದು ಕಾರ್ಡು ತೆಗೆದಳು, ಇನ್ನೊಂದು, ಮತ್ತೊಂದು. 'ಯಾವಾಗ ಹಾಕಿದ್ದು ಇದನ್ನೆಲ್ಲ?'

ಗುರುವಪ್ಪ ಬೇರಿಂಗಿನ ಗೂಡನ್ನು ಒರೆಸಲು ಶುರುಮಾಡಿದ. ಉತ್ತರ ಕೊಡಬೇಕಾದವನು ಬೇರೆ ಇದ್ದಾನೆ ಎಂಬಂತೆ ನಿಧಾನವಾಗಿ, ಬಹಳ ನಿಧಾನವಾಗಿ ಒರೆಸಿದ. ಭೋಜ ಶೆಟ್ಟಿಗೆ ಆ ಕ್ಷಣದಲ್ಲಿ ಹದಿನಾರು ಸುಳ್ಳುಗಳು ಒಟ್ಟಿಗೆ ಹೊಳೆದವು; ಒಂದಕ್ಕಿಂತ ಒಂದು ಚೆಂದ. ಫಿಟ್ಟರೇ ನನಗೆ ತಿಳಿಯದೆ ಹಾಕಿಟ್ಟ ಎನ್ನಬಹುದು, ಸಹಿ ಅವನದೇ ಎಂದು ಅವನೇ ಒಪ್ಪಿದ್ದಾನೆ. ಬಾಯಿ ತೆರೆದ. ಬಾಯಿ ಮಾತ್ರ ತನ್ನ ಹುಟ್ಟುಗುಣ ಬಿಡದೆ ಬೇರೆ ದಾರಿ ಹಿಡಿಯಿತು.

'ನಾನು ಹಾಕಿಸಿದ್ದು ಮೇಡಂ. ಜನವರಿಯಲ್ಲಿ. ಒಂದೆರಡಲ್ಲ, ನಾಲ್ಕು ಸಾವಿರದ ಮುನ್ನೂರ ಅರವತ್ತೆಂಟು ಸಹಿ. ಈ ಜಿಲ್ಲೆಯಲ್ಲಿ ಯಾರೂ ಹಾಕಿಸ್ಲಿಲ್ಲ. ಗಲ್ಫಿನಲ್ಲಿಯೂ ಇಲ್ಲ, ನಾನು ನೋಡಿದ್ದೇನೆ. ಒಬ್ಬನೇ ಮನುಷ್ಯನ ಕೈಯಿಂದ, ಸೋಪು ಕೊಟ್ಟು ಕೈ ತೊಳೆಸಿ. ಜೂನಿನಿಂದ ಇವರು ಕೆಲಸಕ್ಕೇ ಬರ್ಲಿಲ್ಲ. ನಾನು ಹೆಂಗಸರ ಎದುರು ಅವಮಾನ ಮಾಡಿ ಓಡಿಸಿದೆ. ಆದ್ರೂ ಒಂದು ಚೌಕ ಖಾಲಿ ಬಿಡ್ಲಿಲ್ಲ. ಹಸಿರು ಚುಕ್ಕೆಯೆಲ್ಲ ನನ್ನ ಈ ಕೈಯಿಂದಲೇ ಅಂಟಿಸಿದ್ದು.' ಕೈ ಎತ್ತಿ ತೋರಿಸಿದ. ಸ್ವರ ಎಂದಿನ ಜಂಬದ್ದೇ. ಅವನ ಬಾಯಿಗೆ ಬೇರೆ ಸ್ವರ ಬರುತ್ತಲೇ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಬಡಾಯಿ ಕೊಚ್ಚುತ್ತಾ ಪೂರ್ತಿ ಸತ್ಯ ಹೇಳುತ್ತಿದ್ದೇನೆ ಎಂದು ಅವನಿಗೆ ಹೇಳುತ್ತಾ ಹೇಳುತ್ತಾ ಹೊಳೆಯಿತು.

ಉಜ್ವಲ್ ಗೋಡೆಗೆ ಒರಗಿದ. 'ನಾಳೆಯಿಂದ,' ಎಂದ, ಕಪ್ಪು ಬೇರಿಂಗನ್ನು ಒಮ್ಮೆ ನೋಡಿದ. 'ನಾಳೆಯಿಂದ ಗುರುವಪ್ಪಣ್ಣ ಯಾವ ಯಂತ್ರಕ್ಕೆ ಕಿವಿ ಕೊಡ್ತಾರೋ ಅಲ್ಲಿ ನೀವು ಹಿಂದೆ ನಿಂತು ಬರ್ಕೊಳ್ಳಿ ಭೋಜಣ್ಣ. ಅವರು ಹೇಳಿದ ಮೇಲೆ ಬರೆಯುದು. ಮೊದಲಲ್ಲ.'

'ಬರ್ತೀರಾ ನೀವು?' ಎಂದು ವಿಜೇತಾ ಗುರುವಪ್ಪನನ್ನು ಕೇಳಿದಳು.

'ಹೊಸ ಬೇರಿಂಗು ಹಾಕ್ಲಿಕ್ಕೆ ಹೇಗೂ ಬರ್ಬೇಕಲ್ಲ.'

'ಮಾರ್ಚಿನಲ್ಲಿ ನಾನು ಪುನಃ ಬರ್ತೇನೆ,' ಎಂದು ಅವಳು ಉಜ್ವಲನಿಗೆ ಹೇಳಿದಳು. 'ಅಲ್ಲಿಯವರೆಗೆ ಆರ್ಡರ್ ತಡೆ ಹಿಡಿಯಲಿಕ್ಕೆ ನಾನು ಬರೆಯುವುದಿಲ್ಲ. ಆದ್ರೆ ಇದು ಮಾತ್ರ ರಿಪೋರ್ಟಿನಲ್ಲಿ ಬರ್ತದೆ.' ಪೆನ್ನಿನ ಮುಚ್ಚಳ ತೆಗೆದು ಭೋಜ ಶೆಟ್ಟಿಯ ಕಡೆ ತಿರುಗಿದಳು. 'ಇಷ್ಟು ಸಹಿಗೆ ಎಷ್ಟು ದಿನ ಬೇಕಾಯ್ತು ಸರ್?'

'ಮೂರು ದಿನ ಮೇಡಂ. ಮೂರೇ ಮೂರು ದಿನ.'

'ಎರಡೂವರೆ,' ಎಂದ ಗುರುವಪ್ಪ, ಗೂಡಿನಿಂದ ತಲೆ ಎತ್ತದೆ. 'ಶನಿವಾರ ಮಧ್ಯಾಹ್ನಕ್ಕೆ ಮುಗಿದಿತ್ತು. ಊಟಕ್ಕೆ ನಾನು ಮನೆಗೆ ಹೋಗಿದ್ದೆ.'

ಪೆನ್ನು ಗಾಳಿಯಲ್ಲಿ ನಿಂತಿತು. ಹೆಂಗಸರ ಕೈಯ ತಟ್ಟೆಗಳಿಂದ ಬಿಸಿ ಬೀಜದ ವಾಸನೆ ಏಳುತ್ತಿತ್ತು. ಯಾರೂ ನಗಲಿಲ್ಲ. ಎಂಟನ್ನು ಎಂಬತ್ತು ಮಾಡಿ, ಹಳ್ಳವನ್ನು ನೇತ್ರಾವತಿ ಮಾಡಿ, ಒಂದು ದನಕ್ಕೆ ಊರಿಡೀ ಸಾಕ್ಷಿ ಹುಟ್ಟಿಸಿದ್ದ ಭೋಜ ಶೆಟ್ಟಿ ಐವತ್ತನಾಲ್ಕು ವರ್ಷಗಳಲ್ಲಿ ಯಾವ ಸಂಖ್ಯೆಯನ್ನೂ ಇಳಿಸಿ ಹೇಳಿದವನಲ್ಲ. ಅರ್ಧ ದಿನ. ಅಷ್ಟೇ. ಅದನ್ನು ಎತ್ತಿ ಕೆಳಗಿಡುವುದು ಬಾಯ್ಲರನ್ನು ಬೆನ್ನ ಮೇಲೆ ಹೊತ್ತು ವೇಣೂರಿಗೆ ನಡೆದಷ್ಟು ಭಾರವಾಯಿತು.

'ಹೌದು ಮೇಡಂ,' ಎಂದ. 'ಎರಡೂವರೆ ಅಂತಲೇ ಬರೀರಿ.'